ಹಳೇ ಚಿಪ್, ಹೊಸ ಕಾರ್ಡ್, ಒಂದೇ ಪರದೆ

ನಲವತ್ತು ತುಂಬಿದ ಅಮಿಗಾ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಕೈಗಳು ಎರಡು. ಒಂದು, ಹುಟ್ಟಿನಿಂದಲೇ ಬಂದ ಚಿಪ್‌ಗಳದ್ದು. ಇನ್ನೊಂದು, ಆಮೇಲೆ ಸ್ಲಾಟ್‌ಗೆ ಸಿಕ್ಕಿಸಿದ ಗ್ರಾಫಿಕ್ಸ್ ಕಾರ್ಡ್‌ನದ್ದು. ಹೊಸದು ಬಂತೆಂದು ಹಳೆಯದನ್ನು ಮೂಲೆಗೆಸೆಯದೆ ಎರಡನ್ನೂ ಒಂದೇ ಪರದೆಗೆ ತಂದವರ ಜಾಣ್ಮೆಯ ಕಥೆಯಿದು. ಡಾಸ್ ಕಾಲದ ಪಿಸಿಯಲ್ಲಿ ಕನ್ನಡ ಮೂಡಿದ್ದೂ ಇಂಥದ್ದೇ ಒಂದು ಜೋಡಿಯಿಂದ!

ಪರದೆಯ ನೆತ್ತಿಯಲ್ಲೊಂದು ಪಟ್ಟಿ. ಮೌಸ್‌ನ ಬಾಣವನ್ನು ಅದರ ಮೇಲಿಟ್ಟು, ಎಡಗುಂಡಿ ಒತ್ತಿ ಹಿಡಿದು ಕೆಳಗೆ ಎಳೆದರೆ ಪರದೆಗೆ ಪರದೆಯೇ ಜಾರಿ ಬರುತ್ತದೆ. ಅದರ ಹಿಂದೆ ಅಡಗಿದ್ದ ಮತ್ತೊಂದು ಪರದೆ ಮೇಲುಭಾಗದಲ್ಲಿ ಇಣುಕುತ್ತದೆ.

ಈಗ ಗಮನವಿಟ್ಟು ನೋಡಿ. ಮೇಲಿನ ಅರ್ಧದಲ್ಲಿ 320 ಚುಕ್ಕೆ ಅಗಲದ, 32 ಬಣ್ಣಗಳ ಚಿತ್ರ. ಕೆಳಗಿನ ಅರ್ಧದಲ್ಲಿ 640 ಚುಕ್ಕೆ ಅಗಲದ, ನಾಲ್ಕೇ ಬಣ್ಣಗಳ ವರ್ಕ್‌ಬೆಂಚ್, ಅಂದರೆ ಅಮಿಗಾದ ಡೆಸ್ಕ್‌ಟಾಪ್. ಮಾನಿಟರ್ ಒಂದೇ, ಗಾಜು ಒಂದೇ. ಆದರೆ ಎರಡು ರೆಸಲ್ಯೂಷನ್, ಎರಡು ಬಣ್ಣದ ಪಟ್ಟಿ ಏಕಕಾಲಕ್ಕೆ ಅದರ ಮೇಲೆ ನಿಂತಿವೆ.

ಇದು 1985ರ ಕಂಪ್ಯೂಟರ್ ಮಾಡುತ್ತಿದ್ದ ಕೆಲಸ. ಒಂದು ಫ್ರೇಮ್‌ಗೆ ಒಂದೇ ರೆಸಲ್ಯೂಷನ್ ಎಂದು ಕಟ್ಟುನಿಟ್ಟಾಗಿ ನಡೆಯುವ ಮಾಮೂಲಿ ಗ್ರಾಫಿಕ್ಸ್ ಕಾರ್ಡ್‌ಗೆ ಇದು ಒಗ್ಗುವುದಿಲ್ಲ. ಕಾರ್ಡ್‌ಗೆ ಗೊತ್ತಿರುವ ವಿದ್ಯೆ ಬೇರೆ: ಹೆಚ್ಚು ಚುಕ್ಕೆ, ಹೆಚ್ಚು ಬಣ್ಣ, ಹೆಚ್ಚು ವೇಗ. ಅಮಿಗಾ ಬಳಸುವವರಿಗೆ ಎರಡೂ ಬೇಕಾಗಿತ್ತು. ಇವತ್ತಿಗೂ ಬೇಕು.

ವಾರ್ಹಾಲ್ ಕುಂಚ ಹಿಡಿದ ಸಂಜೆ

1985ರ ಜುಲೈ 23. ನ್ಯೂಯಾರ್ಕ್‌ನ ಲಿಂಕನ್ ಸೆಂಟರ್. ಕಮೊಡೋರ್ ಕಂಪನಿ ತನ್ನ ಹೊಸ ಯಂತ್ರವನ್ನು ಜಗತ್ತಿಗೆ ತೋರಿಸಲು ವೇದಿಕೆಗೆ ಕರೆಸಿದ್ದು ಚಿತ್ರಕಾರ ಆಂಡಿ ವಾರ್ಹಾಲ್ ಅವರನ್ನು. ಎದುರಿಗೆ ಕುಳಿತವರು ಬ್ಲಾಂಡಿ ತಂಡದ ಗಾಯಕಿ ಡೆಬ್ಬಿ ಹ್ಯಾರಿ. ಕ್ಯಾಮೆರಾ ಸೆರೆಹಿಡಿದ ಅವರ ಮುಖ ಪರದೆಗೆ ಬಂತು. ವಾರ್ಹಾಲ್ ಮೌಸ್ ಆಡಿಸಿದರು, ಕ್ಲಿಕ್ ಮಾಡಿದಲ್ಲೆಲ್ಲ ಬಣ್ಣ ತುಂಬಿಕೊಂಡಿತು, ಕೂದಲು ಹಳದಿಯಾಯಿತು.

ಐಬಿಎಂ ಪಿಸಿಯ ಸಿಜಿಎ ಕಾರ್ಡ್ 320 ಚುಕ್ಕೆ ಅಗಲದ ಪರದೆಯಲ್ಲಿ ಒಮ್ಮೆಗೆ ನಾಲ್ಕು ಬಣ್ಣ ತೋರಿಸುತ್ತಿದ್ದ ಕಾಲ ಅದು. ಅಮಿಗಾದ ಬಳಿ 4,096 ಬಣ್ಣಗಳಿದ್ದವು. ಅದರ ಹ್ಯಾಮ್ ಎಂಬ ವಿಶೇಷ ಮೋಡ್‌ನಲ್ಲಿ ಅಷ್ಟೂ ಬಣ್ಣಗಳನ್ನು ಒಟ್ಟಿಗೆ ಬಳಸಬಹುದಿತ್ತು.

ಈ ಶಕ್ತಿ ಬಂದದ್ದು ಜೇ ಮೈನರ್ ಅವರ ನೇತೃತ್ವದಲ್ಲಿ ರೂಪುಗೊಂಡ ಮೂರು ಚಿಪ್‌ಗಳಿಂದ. ಅವುಗಳ ಹೆಸರು ಆಗ್ನಸ್, ಡೆನಿಸ್, ಪೌಲಾ. ಮೆಮೊರಿಯಿಂದ ಯಾವ ಕ್ಷಣದಲ್ಲಿ ಯಾರಿಗೆ ಮಾಹಿತಿ ಹೋಗಬೇಕೆಂದು ತೀರ್ಮಾನಿಸುವವಳು ಆಗ್ನಸ್. ಆ ಮಾಹಿತಿಯನ್ನು ಬಣ್ಣದ ಚುಕ್ಕೆಗಳಾಗಿಸುವವಳು ಡೆನಿಸ್. ಧ್ವನಿ, ಫ್ಲಾಪಿ ಪೌಲಾಳ ಪಾಲು. ಮುಖ್ಯ ಪ್ರೊಸೆಸರ್ ಮೋಟೊರೊಲಾ 68000. ಚಿತ್ರ ಮೂಡಿಸುವ ಹೊರೆಯಲ್ಲಿ ಬಹುಪಾಲು ಅದರ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಕಿರಣದ ಲಯಕ್ಕೆ ಹೆಜ್ಜೆ

ಹಳೆಯ ಟಿವಿಯ ಗಾಜಿನ ಹಿಂದೆ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓಡುತ್ತದೆ. ನಮ್ಮ ದೇಶವೂ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಗೆರೆಗೆ 64 ಮೈಕ್ರೊಸೆಕೆಂಡು. ಸೆಕೆಂಡಿಗೆ 15,625 ಗೆರೆ, ಸುಮಾರು 50 ಸಲ ಇಡೀ ಪರದೆ.

ಅಮಿಗಾ ತನ್ನ ಗಡಿಯಾರವನ್ನೇ ಈ ಓಟಕ್ಕೆ ಕಟ್ಟಿಕೊಂಡಿದೆ. ಆಗ್ನಸ್ ಒಳಗೆ ಕಾಪರ್ ಎಂಬ ಪುಟ್ಟ ಸಹಾಯಕ ಪ್ರೊಸೆಸರ್ ಇದೆ. ಅದಕ್ಕೆ ಗೊತ್ತಿರುವುದು ಮೂರೇ ಆಜ್ಞೆ: ಕಿರಣ ಇಂಥ ಜಾಗಕ್ಕೆ ಬರುವ ತನಕ ಕಾಯಿ, ಇಂಥ ರಿಜಿಸ್ಟರಿಗೆ ಇಂಥ ಸಂಖ್ಯೆ ಬರೆ, ಬೇಕಿದ್ದರೆ ಮುಂದಿನ ಆಜ್ಞೆ ಬಿಟ್ಟುಬಿಡು. ಭಾಗವತರ ಹಾಡನ್ನು ಕಿವಿಗೊಟ್ಟು ಕೇಳುತ್ತ ಸರಿಯಾದ ಪೆಟ್ಟಿಗೆ ಹೆಜ್ಜೆ ಇಡುವ ಯಕ್ಷಗಾನ ವೇಷಧಾರಿಯಂತೆ ಕಾಪರ್ ಕಿರಣವನ್ನೇ ನೋಡುತ್ತ ಕೆಲಸ ಮಾಡುತ್ತದೆ.

ಸೂರ್ಯಾಸ್ತದ ಆಕಾಶ ಬೇಕೇ? ಹಿನ್ನೆಲೆ ಬಣ್ಣ ಒಂದೇ ಇದ್ದರೂ ಸಾಕು. ಪ್ರತಿ ಗೆರೆ ಶುರುವಾಗುವ ಮುನ್ನ ಕಾಪರ್ ಆ ಬಣ್ಣವನ್ನು ಒಂದಿಷ್ಟು ಬದಲಿಸುತ್ತದೆ. ಮೇಲೆ ಕಡುನೀಲಿ, ನಡುವೆ ನೇರಳೆ, ದಿಗಂತದಲ್ಲಿ ಕೆಂಪು. ಮೆಮೊರಿಯಲ್ಲಿ ಆಕಾಶದ ಚಿತ್ರವೇ ಇರುವುದಿಲ್ಲ. ಅದು ಹುಟ್ಟುವುದು ಕಿರಣ ಓಡುವಾಗ ಮಾತ್ರ.

ಪರದೆ ಎಳೆಯುವ ಚಮತ್ಕಾರದ ಗುಟ್ಟೂ ಇದೇ. ಎರಡು ಪರದೆಗಳ ಗಡಿಯ ಗೆರೆಗೆ ಕಿರಣ ಬಂದೊಡನೆ ಕಾಪರ್ ರೆಸಲ್ಯೂಷನ್, ಬಣ್ಣ, ಮೆಮೊರಿ ವಿಳಾಸ ಎಲ್ಲವನ್ನೂ ಬದಲಿಸಿಬಿಡುತ್ತದೆ. 1989ರ ‘ಶ್ಯಾಡೋ ಆಫ್ ದಿ ಬೀಸ್ಟ್’ ಆಟದಲ್ಲಿ ಬೆಟ್ಟ, ಮೋಡ, ಹುಲ್ಲು ಒಂದೊಂದು ಒಂದೊಂದು ವೇಗದಲ್ಲಿ ಸರಿಯುವುದನ್ನು ಕಂಡು ಆಗಿನ ಹುಡುಗರು ಬೆರಗಾದದ್ದರ ಹಿಂದೆಯೂ ಇಂಥದ್ದೇ ಕೈಚಳಕವಿದೆ.

ಇಂಥ ಕಾರ್ಯಕ್ರಮಗಳು ಈ ಚಿಪ್‌ಗಳಿಗಾಗಿಯೇ, ಈ ಕಿರಣದ ಲಯಕ್ಕಾಗಿಯೇ ಬರೆದಂಥವು. ಮುಂದಿನ ಕಥೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

◼ ಚೌಕಟ್ಟು: ಅಂಕಿಗಳಲ್ಲಿ ಅಮಿಗಾ

• ಅಮಿಗಾ 1000: 1985. ಅಮಿಗಾ 500 ಮತ್ತು 2000: 1987. ಅಮಿಗಾ 3000: 1990. ಅಮಿಗಾ 1200 ಮತ್ತು 4000: 1992.
• 320×256 ಚುಕ್ಕೆ, 32 ಬಣ್ಣದ ಪರದೆಗೆ ಬೇಕಾದ ಮೆಮೊರಿ: 50 ಕೆಬಿ.
• 800×600 ಚುಕ್ಕೆ, 256 ಬಣ್ಣದ ಪರದೆಗೆ ಬೇಕಾದ ಮೆಮೊರಿ: 4,80,000 ಬೈಟ್.
• 1992ರ ಯಂತ್ರಗಳಲ್ಲಿದ್ದ ಎಜಿಎ ಚಿಪ್‌ಗಳ ಬಣ್ಣದ ಭಂಡಾರ: 1 ಕೋಟಿ 67 ಲಕ್ಷಕ್ಕೂ ಹೆಚ್ಚು.
• ಕಮೊಡೋರ್ ಬಾಗಿಲು ಮುಚ್ಚಿದ್ದು: 1994ರ ಏಪ್ರಿಲ್. ಜೇ ಮೈನರ್ ತೀರಿಕೊಂಡದ್ದು ಅದೇ ವರ್ಷದ ಜೂನ್.

ಕಾರ್ಡ್ ಯಾಕೆ ಬೇಕಾಯಿತು?

ಆಟಕ್ಕೆ ಹೇಳಿ ಮಾಡಿಸಿದ್ದ ಪರದೆ ಕಚೇರಿ ಕೆಲಸಕ್ಕೆ ಕಣ್ಣುರಿ ತರಿಸುತ್ತಿತ್ತು. 512 ಗೆರೆಗಳ ಪರದೆ ಬೇಕೆಂದರೆ ಇಂಟರ್‌ಲೇಸ್ ಮೋಡ್‌ಗೆ ಹೋಗಬೇಕು. ಅಲ್ಲಿ ಒಮ್ಮೆ ಬೆಸ ಗೆರೆ, ಇನ್ನೊಮ್ಮೆ ಸಮ ಗೆರೆ. ಒಂದೇ ಗೆರೆಯ ದಪ್ಪದ ಅಕ್ಷರದ ಅಂಚುಗಳು ಎಡೆಬಿಡದೆ ಮಿಟುಕುತ್ತಿದ್ದವು. ದಿನವಿಡೀ ಅದರ ಮುಂದೆ ಕೂತು ಪುಟ ವಿನ್ಯಾಸ ಮಾಡುವವರ ಕಷ್ಟ ಊಹಿಸಿಕೊಳ್ಳಿ.

ಎರಡನೆಯ ತೊಡಕು ಮೆಮೊರಿಯದ್ದು. ಮೂಲ ಚಿಪ್‌ಗಳಿಗೆ ಚಿಪ್ ರ‍್ಯಾಮ್ ಎಂಬ ಭಾಗ ಮಾತ್ರ ಕಾಣುತ್ತದೆ. ಮೊದಲಿಗೆ ಅದರ ಮಿತಿ 512 ಕೆಬಿ, ಕೊನೆಕೊನೆಗೆ 2 ಎಂಬಿ. ಚಿತ್ರ, ಧ್ವನಿ ಎಲ್ಲವೂ ಅಲ್ಲೇ ಇರಬೇಕು. 640 ಚುಕ್ಕೆ ಅಗಲದಲ್ಲಿ 16 ಬಣ್ಣ ತೋರಿಸುವಾಗಲಂತೂ ಡೆನಿಸ್‌ಗೆ ಮಾಹಿತಿ ಒದಗಿಸುವುದರಲ್ಲೇ ಆ ಮೆಮೊರಿಯ ಸಮಯವೆಲ್ಲ ಮುಗಿಯುತ್ತಿತ್ತು. ಗೆರೆ ಮುಗಿಯುವ ತನಕ 68000ಕ್ಕೆ ಅಲ್ಲಿ ಪ್ರವೇಶವಿಲ್ಲ.

ಮೂರನೆಯದು ಚಿತ್ರ ಜೋಡಿಸಿಡುವ ಕ್ರಮ. ಅಮಿಗಾದಲ್ಲಿ ಒಂದು ಚುಕ್ಕೆಯ ಬಣ್ಣ ಒಂದೆಡೆ ಇರುವುದಿಲ್ಲ, ಬಿಟ್‌ಪ್ಲೇನ್ ಎಂಬ ಬೇರೆ ಬೇರೆ ಪದರಗಳಲ್ಲಿ ಹಂಚಿಹೋಗಿರುತ್ತದೆ. 256 ಬಣ್ಣವೆಂದರೆ ಎಂಟು ಪದರ. ಒಂದೇ ಒಂದು ಚುಕ್ಕೆ ಬದಲಿಸಲು ಎಂಟು ಕಡೆ ಕೈಯಾಡಿಸಬೇಕು. ಪಿಸಿಯ ವಿಜಿಎಯಲ್ಲಿ 256 ಬಣ್ಣದ ಮೋಡ್‌ನಲ್ಲಿ ಒಂದು ಚುಕ್ಕೆಗೆ ಒಂದು ಬೈಟ್ ಬರೆದರೆ ಮುಗಿಯಿತು. 1993ರ ಡಿಸೆಂಬರಿನಲ್ಲಿ ‘ಡೂಮ್’ ಆಟ ಬಂದಾಗ ಈ ವ್ಯತ್ಯಾಸ ಎದ್ದು ಕಂಡಿತು. ಅದೇ ವರ್ಷದ ಅಮಿಗಾ ಸಿಡಿ32 ಯಂತ್ರದಲ್ಲಿ ಕಮೊಡೋರ್ ಬೈಟ್ ಕ್ರಮದ ಚಿತ್ರವನ್ನು ಪದರಗಳಾಗಿ ಪರಿವರ್ತಿಸಲೆಂದೇ ಅಕಿಕೊ ಚಿಪ್‌ನಲ್ಲಿ ಸೌಲಭ್ಯ ಇಟ್ಟಿತ್ತು. ಆದರೂ ಪಿಸಿಯ ಓಟಕ್ಕೆ ಅದು ಸಾಟಿಯಾಗಲಿಲ್ಲ.

ಪರಿಹಾರ ಅಮಿಗಾ 2000ರ ಹೊಟ್ಟೆಯಲ್ಲೇ ಇತ್ತು. ಅದರ ಝೋರೊ ಸ್ಲಾಟ್‌ಗಳಿಗೆ ಕಾರ್ಡ್ ಸಿಕ್ಕಿಸಬಹುದಿತ್ತು. ಪಿಸಿ ಲೋಕದಲ್ಲಿ ಅಗ್ಗವಾಗುತ್ತಿದ್ದ ಸಿರಸ್ ಲಾಜಿಕ್, ಎಸ್3 ಗ್ರಾಫಿಕ್ಸ್ ಚಿಪ್‌ಗಳನ್ನು ಜರ್ಮನಿಯ ಪುಟ್ಟ ಕಂಪನಿಗಳು ಅಮಿಗಾ ಕಾರ್ಡ್‌ಗಳ ಮೇಲೆ ಕೂರಿಸಿದವು. ವಿಲೇಜ್ ಟ್ರಾನಿಕ್ ಕಂಪನಿಯ ಪಿಕಾಸೊ 2, ಫೇಸ್5ನ ಸೈಬರ್‌ವಿಷನ್ 64 ಹೀಗೆ ಬಂದವು. ಕಾರ್ಡ್‌ಗೆ ಅದರದ್ದೇ ಮೆಮೊರಿ. ಹಾಗಾಗಿ 1024×768 ಚುಕ್ಕೆಗಳ ಪರದೆ ಮೂಡಿದರೂ ಚಿಪ್ ರ‍್ಯಾಮ್‌ನ ಒಂದು ಬೈಟೂ ಅದಕ್ಕೆ ಖರ್ಚಾಗಲಿಲ್ಲ. ಮಿಟುಕಾಟ ನಿಂತಿತು.

ಎರಡು ಹೊಳೆ, ಒಂದು ಕಡವು

ಆದರೆ ಕಾರ್ಡ್ ಬಂದೊಡನೆ ಹೊಸ ಪ್ರಶ್ನೆಯೂ ಬಂತು. ಯಂತ್ರದ ಹಿಂಬದಿಯಲ್ಲಿ ಈಗ ಎರಡು ವಿಡಿಯೊ ಕಿಂಡಿಗಳು. ಮದರ್‌ಬೋರ್ಡ್‌ನ 23 ಪಿನ್ನಿನ ಕನೆಕ್ಟರ್‌ನಲ್ಲಿ ಮೂಲ ಚಿಪ್‌ಗಳ ಚಿತ್ರ. ಕಾರ್ಡ್‌ನ ಕನೆಕ್ಟರ್‌ನಲ್ಲಿ ಕಾರ್ಡ್‌ನ ಚಿತ್ರ. ಮೇಜಿನ ಮೇಲೆ ಎರಡು ಮಾನಿಟರ್ ಇಡಬೇಕೇ? ಕೆಲವರು ಇಟ್ಟುಕೊಂಡರು. ಜಾಗವೂ ದುಡ್ಡೂ ಇಲ್ಲದವರು ಏನು ಮಾಡಬೇಕು?

ಪಿಕಾಸೊ 2 ಕೊಟ್ಟ ಉತ್ತರ ಸರಳವಾಗಿತ್ತು. ಅಮಿಗಾದ ಮೂಲ ಚಿತ್ರವನ್ನು ಒಂದು ಗಿಡ್ಡ ಕೇಬಲ್ ಮೂಲಕ ಕಾರ್ಡ್‌ಗೇ ತಂದು ಕೊಡಿ. ಮಾನಿಟರನ್ನು ಕಾರ್ಡ್‌ಗೆ ಸಿಕ್ಕಿಸಿ. ಕಾರ್ಡ್‌ನ ಪರದೆ ಮುಂದಿದ್ದರೆ ಕಾರ್ಡ್ ತನ್ನ ಚಿತ್ರ ಕಳಿಸುತ್ತದೆ. ಮೂಲ ಪರದೆ ಮುಂದೆ ಬಂದರೆ ತಾನು ಪಕ್ಕಕ್ಕೆ ಸರಿದು, ಒಳಬಂದ ಚಿತ್ರವನ್ನು ಹಾಗೆಯೇ ಹೊರಬಿಡುತ್ತದೆ.

ಬಳಸುವವರ ಕಡೆಯಿಂದ ನೋಡೋಣ. 800×600ರ ವರ್ಕ್‌ಬೆಂಚ್‌ನಲ್ಲಿ ಪತ್ರ ಬರೆಯುತ್ತಿದ್ದೀರಿ. ಹಿಂದೆ ಚಿತ್ರ ಬಿಡಿಸುವ ಡಿಲಕ್ಸ್ ಪೇಂಟ್ ತನ್ನ ಮೂಲ ಪರದೆಯಲ್ಲಿ ತೆರೆದೇ ಇದೆ. ಎಡಗಡೆಯ ಅಮಿಗಾ ಕೀಲಿಯ ಜೊತೆ ಎಂ ಒತ್ತುತ್ತೀರಿ. ಮಾನಿಟರ್ ಒಂದು ಗಳಿಗೆ ಕಪ್ಪಾಗುತ್ತದೆ. ಸೆಕೆಂಡಿಗೆ ಬಿಡಿಸುವ ಗೆರೆಗಳ ಲೆಕ್ಕವನ್ನು 38 ಕಿಲೊಹರ್ಟ್ಸ್‌ನಿಂದ 15.6 ಕಿಲೊಹರ್ಟ್ಸ್‌ಗೆ ಇಳಿಸಲು ಅದಕ್ಕೆ ಅಷ್ಟು ಹೊತ್ತು ಬೇಕು. ಆಮೇಲೆ ಡಿಲಕ್ಸ್ ಪೇಂಟ್ ಎದುರಿಗಿರುತ್ತದೆ. ಪತ್ರ ಬರೆಯುವ ತಂತ್ರಾಂಶ ನಿಂತಿಲ್ಲ, ಹಿಂದೆ ತನ್ನ ಪಾಡಿಗೆ ಓಡುತ್ತಲೇ ಇದೆ.

ಇದರ ಅಂದ ಇರುವುದು ಸೌಜನ್ಯದಲ್ಲಿ. ಹೊಸ ಕಾರ್ಡ್ ಹಳೆಯ ಚಿಪ್‌ಗಳ ಕೆಲಸವನ್ನು ಅನುಕರಿಸಲು ಹೋಗಲಿಲ್ಲ. ತನಗೆ ಬಾರದ್ದನ್ನು ಬರುವವರಿಗೇ ಬಿಟ್ಟಿತು.

◼ ಚೌಕಟ್ಟು: ‘ಟಕ್’ ಎಂದ ಕಾರ್ಡ್

1996ರಲ್ಲಿ ಪಿಸಿ ಆಟಗಾರರನ್ನು ಮರುಳುಮಾಡಿದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಕೂಡ ಇದೇ ದಾರಿ ಹಿಡಿಯಿತು. ಅದಕ್ಕೆ ಮೂರು ಆಯಾಮದ ಚಿತ್ರ ಬಿಟ್ಟರೆ ಬೇರೇನೂ ಬಾರದು. ವಿಂಡೋಸ್‌ನ ಮಾಮೂಲಿ ಪರದೆಗೆ ಪಿಸಿಯಲ್ಲಿ ಮೊದಲೇ ಇದ್ದ ಕಾರ್ಡೇ ಗತಿ. ಹಳೆಯ ಕಾರ್ಡ್‌ನಿಂದ ವೂಡೂಗೆ ಒಂದು ವಿಜಿಎ ಕೇಬಲ್, ವೂಡೂದಿಂದ ಮಾನಿಟರಿಗೆ ಇನ್ನೊಂದು. ಈ ಚಿಪ್ ಇಟ್ಟುಕೊಂಡು ಬಂದ ಆರ್ಕಿಡ್ ರೈಟಿಯಸ್ 3ಡಿ ಕಾರ್ಡ್‌ನಲ್ಲಿ ಚಿತ್ರ ಬದಲಿಸಲು ಯಾಂತ್ರಿಕ ರಿಲೇ ಇತ್ತು. ಆಟ ಶುರುವಾದಾಗ ಪೆಟ್ಟಿಗೆಯೊಳಗಿಂದ ‘ಟಕ್’ ಎಂಬ ಸದ್ದು ಬರುತ್ತಿತ್ತು.

ಕೇಳಿ ಪಡೆಯುವವರು, ಕಸಿದುಕೊಳ್ಳುವವರು

ಕೇಬಲ್ ಎಳೆದರೆ ಅರ್ಧ ಕೆಲಸವಾಯಿತು. ಉಳಿದರ್ಧ ತಂತ್ರಾಂಶದ್ದು.

ಅಮಿಗಾದ ಕಾರ್ಯಕ್ರಮಗಳಲ್ಲಿ ಎರಡು ಬಗೆ. ಮೊದಲ ಬಗೆಯವು ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳಿ ಪರದೆ ಪಡೆಯುತ್ತವೆ: ‘ನನಗೊಂದು ಪರದೆ ತೆರೆದುಕೊಡು, ಇಲ್ಲಿಂದ ಅಲ್ಲಿಗೊಂದು ಗೆರೆ ಎಳೆ, ಈ ಅಕ್ಷರ ಬರೆ.’ ಆ ಗೆರೆಯನ್ನು ಮೂಲ ಚಿಪ್ ಎಳೆಯಿತೋ ಕಾರ್ಡ್ ಎಳೆಯಿತೋ ಅವಕ್ಕೆ ಬೇಕಿಲ್ಲ. ಎರಡನೆಯ ಬಗೆಯವು ಯಂತ್ರವನ್ನು ಪೂರ್ತಿ ತಮ್ಮ ವಶಕ್ಕೆ ತೆಗೆದುಕೊಂಡು ಚಿಪ್‌ಗಳ ರಿಜಿಸ್ಟರಿಗೆ ನೇರವಾಗಿ ಬರೆಯುತ್ತವೆ. ಬಹುಪಾಲು ಆಟಗಳು ಮತ್ತು ಯುರೋಪಿನ ತರುಣರು ಪೈಪೋಟಿಗೆ ಬಿದ್ದು ಬರೆದ ‘ಡೆಮೊ’ಗಳು ಈ ಗುಂಪಿನವು.

ಮೊದಲ ಗುಂಪನ್ನು ಕಾರ್ಡ್‌ಗೆ ಸಾಗಿಸಬಹುದು. ಅದಕ್ಕೆ ಹುಟ್ಟಿದ ವ್ಯವಸ್ಥೆಯೇ ಆರ್‌ಟಿಜಿ. ಕಮೊಡೋರ್ ತಾನೇ ಅಂಥದ್ದೊಂದನ್ನು ಪೂರ್ತಿಮಾಡಿ ಕೊಡುವ ಮೊದಲೇ ಮುಳುಗಿತು. ಆ ಜಾಗ ತುಂಬಿದ್ದು ಹೊರಗಿನ ಪ್ರೋಗ್ರಾಮರ್‌ಗಳು. ಸೈಬರ್‌ಗ್ರಾಫಿಕ್ಸ್, ಪಿಕಾಸೊ96 ಎಂಬ ಎರಡು ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಮ್‌ನ ಚಿತ್ರ ಬಿಡಿಸುವ ಕರೆಗಳನ್ನು ನಡುವೆಯೇ ತಡೆದು, ಪರದೆ ಕಾರ್ಡ್‌ನದ್ದಾದರೆ ಕಾರ್ಡ್‌ನ ಕಡೆಗೆ, ಮೂಲದ್ದಾದರೆ ಮೂಲದ ಕಡೆಗೆ ತಿರುಗಿಸಿದವು.

ಬಳಸುವವರ ಕಣ್ಣಿಗೆ ಕಂಡದ್ದು ಒಂದೇ ಪಟ್ಟಿ. ‘ಪಾಲ್ 640×256’ ಎಂಬ ಹಳೆಯ ಮೋಡ್, ‘800×600’ ಎಂಬ ಕಾರ್ಡ್‌ನ ಮೋಡ್ ಅಕ್ಕಪಕ್ಕದಲ್ಲೇ. ಹಳೆಯ ಮೋಡ್ ಕೇಳುವ ಕಾರ್ಯಕ್ರಮವನ್ನು ತಾನಾಗಿ ಹೊಸ ಮೋಡ್‌ಗೆ ಏರಿಸುವ ಪುಟ್ಟ ಉಪಕರಣಗಳೂ ಬಂದವು.

ಎರಡನೆಯ ಗುಂಪನ್ನು ಹೀಗೆ ಸಾಗಿಸಲು ಬರುವುದಿಲ್ಲ. ಅವು ಯಾರನ್ನೂ ಕೇಳುವುದಿಲ್ಲ, ಹಾಗಾಗಿ ನಡುವೆ ತಡೆಯಲು ಕರೆಯೇ ಇಲ್ಲ. ಕಿರಣ 120ನೇ ಗೆರೆಗೆ ಬರುವಾಗ ಬಣ್ಣ ಬದಲಾಗಬೇಕೆಂದು ಬರೆದ ಆಟಕ್ಕೆ ಆ ಕಿರಣದ ಲೆಕ್ಕವೇ ಬೇಕು. ಅದನ್ನು ಕೊಡುವುದು ಆಗ್ನಸ್, ಡೆನಿಸ್ ಜೋಡಿ. ಎಂಥ ದುಬಾರಿ ಕಾರ್ಡ್ ಹಾಕಿದರೂ ಮೂಲ ಪರದೆಯ ದಾರಿ ತೆರೆದಿರಲೇಬೇಕಾದ ಕಾರಣ ಇದು.

15 ಕಿಲೊಹರ್ಟ್ಸ್ ಎಂಬ ಗೋಡೆ

ಆದರೆ ಆ ದಾರಿಗೆ ಕಾಲವೇ ಅಡ್ಡ ಬಂತು. ಮೂಲ ಚಿಪ್‌ಗಳ ಚಿತ್ರ ಟಿವಿಯ ಲೆಕ್ಕದ್ದು, 15.6 ಕಿಲೊಹರ್ಟ್ಸ್. ವಿಜಿಎ ಮಾನಿಟರ್‌ಗಳು ಶುರುವಾಗುವುದೇ 31.5ರಿಂದ. ಎರಡನ್ನೂ ಒಪ್ಪುವ ಮಲ್ಟಿಸಿಂಕ್ ಮಾನಿಟರ್‌ಗಳು ಅಪರೂಪವಾದವು. ಚಪ್ಪಟೆ ಪರದೆಗಳು ಬಂದ ಮೇಲೆ ಹೆಚ್ಚಿನವು 15 ಕಿಲೊಹರ್ಟ್ಸ್ ಕಂಡರೆ ‘ಸಿಗ್ನಲ್ ಇಲ್ಲ’ ಎಂದುಬಿಡುತ್ತವೆ.

ಇದಕ್ಕೆ ಎರಡು ಮದ್ದು. ಸ್ಕ್ಯಾನ್‌ಡಬ್ಲರ್ ಪ್ರತಿ ಗೆರೆಯನ್ನೂ ಎರಡು ಸಲ ಬಿಡಿಸಿ ಸಂಖ್ಯೆ ಹೊಂದಿಸುತ್ತದೆ. ಫ್ಲಿಕರ್ ಫಿಕ್ಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಟರ್‌ಲೇಸ್‌ನ ಬೆಸ ಗೆರೆ, ಸಮ ಗೆರೆಗಳನ್ನು ಮೆಮೊರಿಯಲ್ಲಿ ಕೂಡಿಸಿ ಇಡೀ ಚಿತ್ರವಾಗಿ ಕಳಿಸುತ್ತದೆ. ಅಮಿಗಾ 3000ರಲ್ಲಿ ಆಂಬರ್ ಎಂಬ ಚಿಪ್ ಈ ಕೆಲಸವನ್ನು ಮದರ್‌ಬೋರ್ಡ್‌ನಲ್ಲೇ ಮಾಡುತ್ತಿತ್ತು. ಆ ಯಂತ್ರದ ಬೆನ್ನಿಗೆ ಟಿವಿ ಲೆಕ್ಕದ ಒಂದು, ವಿಜಿಎ ಲೆಕ್ಕದ ಒಂದು, ಹೀಗೆ ಎರಡು ವಿಡಿಯೊ ಕಿಂಡಿಗಳಿದ್ದವು.

ಜೋಡಣೆಯ ಕಲೆ ಮಾಗಿದ್ದು 1996ರ ಪಿಕಾಸೊ 4ರಲ್ಲಿ. ಆ ಕಾರ್ಡ್ ಝೋರೊ ಸ್ಲಾಟ್ ಜೊತೆಗೆ ಅದರ ಸಾಲಿನಲ್ಲೇ ಇದ್ದ ವಿಡಿಯೊ ಸ್ಲಾಟ್‌ಗೂ ಕೂರುತ್ತಿತ್ತು. ಮೂಲ ಚಿತ್ರ ಒಳಗಿಂದೊಳಗೇ ಸಿಗುತ್ತಿದ್ದರಿಂದ ಹೊರಗಿನ ಗಿಡ್ಡ ಕೇಬಲ್ ಬೇಕಿರಲಿಲ್ಲ. ಫ್ಲಿಕರ್ ಫಿಕ್ಸರ್ ಕಾರ್ಡ್‌ನಲ್ಲೇ ಇತ್ತು. ಮಾಮೂಲಿ ವಿಜಿಎ ಮಾನಿಟರ್ ಒಂದಿದ್ದರೆ 1985ರ ಆಟವೂ ಕಂಡಿತು, 1996ರ ವರ್ಕ್‌ಬೆಂಚೂ ಕಂಡಿತು.

ಈಚಿನ ವರ್ಷಗಳಲ್ಲಿ ಈ ದಾರಿ ಮತ್ತೆ ಚಿಗುರಿದೆ. ಬರ್ಲಿನ್‌ನ ಎಂಎನ್‌ಟಿ ರಿಸರ್ಚ್ ತಯಾರಿಸಿದ ಝಡ್‌ಝಡ್9000 ಕಾರ್ಡ್, ಒಳಸಂಪರ್ಕಗಳನ್ನು ಬೇಕಾದಂತೆ ಬದಲಿಸಬಹುದಾದ ಎಫ್‌ಪಿಜಿಎ ಮತ್ತು ಆರ್ಮ್ ಪ್ರೊಸೆಸರ್ ಎರಡೂ ಇರುವ ಚಿಪ್ ಬಳಸುತ್ತದೆ. ಒಂದೇ ಎಚ್‌ಡಿಎಂಐ ಕಿಂಡಿಯಿಂದ ಕಾರ್ಡ್‌ನ ಚಿತ್ರವನ್ನೂ, ವಿಡಿಯೊ ಸ್ಲಾಟ್‌ನಿಂದ ಹಿಡಿದ ಮೂಲ ಚಿತ್ರವನ್ನೂ ಕೊಡುತ್ತದೆ. ಪೈಸ್ಟಾರ್ಮ್ ಎಂಬ ಬೋರ್ಡ್ 68000 ಪ್ರೊಸೆಸರ್ ಇದ್ದ ಜಾಗದಲ್ಲಿ ರಾಸ್ಪ್‌ಬೆರಿ ಪೈ ಕೂರಿಸುತ್ತದೆ. ಕಾರ್ಡ್‌ನ ಪಾತ್ರವನ್ನೂ ಆ ಪೈ ವಹಿಸಿಕೊಳ್ಳುತ್ತದೆ. ಆದರೂ ಆಗ್ನಸ್, ಡೆನಿಸ್, ಪೌಲಾ ತಮ್ಮ ಸಾಕೆಟ್‌ಗಳಲ್ಲೇ ಉಳಿದು ಕೆಲಸ ಮುಂದುವರಿಸುತ್ತಾರೆ.

ಅಮಿಗಾ 500ರಲ್ಲಿ ಡೆನಿಸ್ ಹೊರಬಿಡುವುದು 12 ಬಿಟ್‌ಗಳ ಡಿಜಿಟಲ್ ಬಣ್ಣ. ಅದು ಅನಲಾಗ್ ಆಗುವುದು ಮುಂದಿನ ಮೆಟ್ಟಿಲಲ್ಲಿ. ಡೆನಿಸ್‌ನ ಕಾಲ ಬುಡದಲ್ಲೇ ಪುಟ್ಟ ಬೋರ್ಡ್ ಇಟ್ಟು ಆ ಬಿಟ್‌ಗಳನ್ನು ನೇರ ಹಿಡಿದರೆ ಚುಕ್ಕೆಗೆ ಚುಕ್ಕೆ ಮಸುಕಿಲ್ಲದ ಚಿತ್ರ ಎಚ್‌ಡಿಎಂಐಗೆ ಬರುತ್ತದೆ. ಬಿಬಿಸಿ ಮೈಕ್ರೊ ಕಂಪ್ಯೂಟರಿಗಾಗಿ ಹುಟ್ಟಿದ ಆರ್‌ಜಿಬಿ2ಎಚ್‌ಡಿಎಂಐ ಎಂಬ ಮುಕ್ತ ಯೋಜನೆ ಈಗ ಅಮಿಗಾದಲ್ಲಿ ಮಾಡುತ್ತಿರುವುದು ಇದನ್ನೇ.

ಒಂದು ಸೂಕ್ಷ್ಮ ಮಾತ್ರ ಇನ್ನೂ ಕಾಡುತ್ತದೆ. ಪಾಲ್ ಅಮಿಗಾ ಸೆಕೆಂಡಿಗೆ ಬಿಡಿಸುವುದು 49.92 ಚಿತ್ರ. 60 ಹರ್ಟ್ಸ್‌ನ ಪರದೆಗೆ ಇದನ್ನು ಹೊಂದಿಸಿದರೆ ಕೆಲವು ಚಿತ್ರಗಳು ಎರಡೆರಡು ಸಲ ಬಂದು, ನಯವಾಗಿ ಸರಿಯಬೇಕಾದ ಬೆಟ್ಟ ಎಡವುತ್ತ ಸರಿಯುತ್ತದೆ. ಒಳ್ಳೆಯ ಜೋಡಣೆಯಲ್ಲಿ ಹೊರಗಿನ ಪರದೆಯೇ ಅಮಿಗಾದ ಲಯಕ್ಕೆ ಬರಬೇಕು. ಈ ತಾಳ್ಮೆ ಇರುವ ಸಾಧನವನ್ನೇ ಬಲ್ಲವರು ಹುಡುಕುವುದು.

◼ ಚೌಕಟ್ಟು: ಕೈಯಾರೆ ನೋಡಬೇಕೇ?

• ಯಂತ್ರವಿಲ್ಲದವರು ವಿನ್‌ಯುಎಇ ಎಂಬ ಉಚಿತ ಎಮ್ಯುಲೇಟರ್‌ನಲ್ಲಿ ಶುರುಮಾಡಬಹುದು. ಅದರಲ್ಲಿ ಮೂಲ ಚಿಪ್‌ಗಳೂ ಇವೆ, ಪಿಕಾಸೊ96 ಜೊತೆ ಮಾತಾಡುವ ಕಾಲ್ಪನಿಕ ಗ್ರಾಫಿಕ್ಸ್ ಕಾರ್ಡೂ ಇದೆ. ಅಮಿಗಾವನ್ನು ಚಾಲೂ ಮಾಡುವ ಕಿಕ್‌ಸ್ಟಾರ್ಟ್ ರಾಮ್‌ಗೆ ಪರವಾನಗಿ ಬೇಕು. ಅದರ ಬದಲು ಎಮ್ಯುಲೇಟರ್ ಜೊತೆಗೇ ಬರುವ ಮುಕ್ತ ಆರೋಸ್ ರಾಮ್ ಬಳಸಿಯೂ ನೋಡಬಹುದು.
• ಹಳೆಯ ಯಂತ್ರ ಸಿಕ್ಕರೆ ಕಾರ್ಡ್ ಹಾಕುವ ಮೊದಲು ಮುಚ್ಚಳ ತೆಗೆಯಿರಿ. ಅಮಿಗಾ 2000, 3000, 4000ರ ಮದರ್‌ಬೋರ್ಡ್‌ನಲ್ಲಿರುವ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮೊದಲು ಅದನ್ನು ತೆಗೆಸಿ. ಅಮಿಗಾ 1200, 4000ರ ಕೆಪಾಸಿಟರ್‌ಗಳೂ ಸೋರುತ್ತವೆ.
• ಗಾಜಿನ ಕೊಳವೆಯ ಮಾನಿಟರ್ ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣಾಪಾಯದಷ್ಟು ವೋಲ್ಟೇಜ್ ಉಳಿದಿರಬಹುದು.

ಲಿಪಿಗಾಗಿ ಹುಟ್ಟಿದ ಕಾರ್ಡ್‌ಗಳು

ಮೂಲ ಪರದೆಯನ್ನು ಉಳಿಸಿಕೊಂಡು ಅದರ ಮೇಲೆ ಹೊಸದನ್ನು ಸೇರಿಸುವ ಹಂಬಲಕ್ಕೆ ಆಟ, ಚಿತ್ರ ಮಾತ್ರ ಕಾರಣವಾಗಿರಲಿಲ್ಲ. ನಮ್ಮಂಥವರ ಲಿಪಿಯೂ ಕಾರಣವಾಗಿತ್ತು.

1981ರ ಐಬಿಎಂ ಪಿಸಿಯ ಎಂಡಿಎ ಕಾರ್ಡ್ 80 ಅಂಕಣ, 25 ಸಾಲುಗಳ ಅಚ್ಚುಕಟ್ಟಾದ ಇಂಗ್ಲಿಷ್ ಅಕ್ಷರ ತೋರಿಸುತ್ತಿತ್ತು. ಚಿತ್ರ ಅದಕ್ಕೆ ಬಾರದು. ವ್ಯಾನ್ ಸುವನ್ನುಕುಲ್ ಎಂಬ ಥಾಯ್ ವಿದ್ಯಾರ್ಥಿಗೆ ತನ್ನ ಪ್ರಬಂಧವನ್ನು ತಾಯ್ನುಡಿಯ ಲಿಪಿಯಲ್ಲಿ ಬರೆಯಬೇಕಿತ್ತು. ಆ ಅಗತ್ಯದಿಂದ ಹುಟ್ಟಿದ್ದು 1982ರ ಹರ್ಕ್ಯುಲಿಸ್ ಕಾರ್ಡ್. ಎಂಡಿಎಯ ಅಕ್ಷರ ಮೋಡ್ ಅನ್ನು ಇದ್ದ ಹಾಗೇ ಇಟ್ಟುಕೊಂಡು, 720×348 ಚುಕ್ಕೆಗಳ ಗ್ರಾಫಿಕ್ಸ್ ಅನ್ನು ಅದಕ್ಕೆ ಸೇರಿಸಿತು. ಪಿಸಿ ಲೋಕದಲ್ಲಿ ಅದು ಮನೆಮಾತಾಯಿತು.

ಕನ್ನಡಕ್ಕೆ ಸವಾಲು ಇನ್ನೂ ದೊಡ್ಡದಿತ್ತು. ವಿಜಿಎಯ ಅಕ್ಷರ ಮೋಡ್‌ನಲ್ಲಿ ಮಾಮೂಲಾಗಿ 256 ಅಕ್ಷರರೂಪಗಳಿಗೆ ಜಾಗ, ಒಂದೊಂದಕ್ಕೂ ಒಂದೇ ಅಳತೆಯ ಕೋಣೆ. ‘ಸ್ತ್ರೀ’ ಎಂಬುದನ್ನು ಅಲ್ಲಿ ಹೇಗೆ ಕೂರಿಸುವುದು? ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಇಕಾರ ಎಂದು ಆರು ಸಂಕೇತಗಳು ಕೂಡಿ ಒಂದೇ ಅಕ್ಷರವಾಗಬೇಕು. ಒತ್ತುಗಳು ಕೆಳಗಿಳಿಯಬೇಕು.

ಉತ್ತರ ಬಂದದ್ದು ಜಿಸ್ಟ್ ಕಾರ್ಡ್‌ನಿಂದ. ಕಾನ್ಪುರದ ಐಐಟಿಯಲ್ಲಿ ಮೊಳೆತ ಈ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆಯಿತು. ಪಿಸಿಯ ಸ್ಲಾಟ್‌ಗೆ ಕಾರ್ಡ್ ಸಿಕ್ಕಿಸಿದರೆ ಡಿಬೇಸ್, ವರ್ಡ್‌ಸ್ಟಾರ್‌ನಂಥ ಡಾಸ್ ತಂತ್ರಾಂಶಗಳಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ತಂತ್ರಾಂಶ ತನ್ನ ಪಾಡಿಗೆ ಬೈಟ್‌ಗಳನ್ನು ಬರೆಯುತ್ತಿತ್ತು. ಅವನ್ನು ಒಗ್ಗೂಡಿಸಿ ಒತ್ತಕ್ಷರ ಕಟ್ಟುವ ಕೆಲಸ ಕಾರ್ಡ್‌ನದ್ದು. ಇಂಗ್ಲಿಷ್ ಅಕ್ಷರಗಳು ತಮ್ಮ ಜಾಗದಲ್ಲೇ ಇದ್ದವು. 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತಕ್ರಮದಲ್ಲಿ ಮೊದಲ 128 ಸ್ಥಾನ ಇಂಗ್ಲಿಷಿನ ಆಸ್ಕಿಗೇ ಮೀಸಲು, ಭಾರತೀಯ ಅಕ್ಷರಗಳಿಗೆ ಮೇಲಿನ 128.

ಅದೇ ಕಡತವನ್ನು ಕಾರ್ಡ್ ಇಲ್ಲದ ಪಿಸಿಯಲ್ಲಿ ತೆರೆದು ನೋಡಿ. ಕನ್ನಡ ಇರಬೇಕಾದಲ್ಲಿ ಯುರೋಪಿನ ಅಕ್ಷರಗಳು, ಚೌಕ ಎಳೆಯುವ ಗೆರೆಗಳು. ಒಂದು ಬೈಟೂ ಕಳೆದಿಲ್ಲ, ಆದರೂ ಕನ್ನಡ ಕಾಣುತ್ತಿಲ್ಲ.

ಕಡತ ಉಳಿದರೆ ಸಾಲದು

2014ರಲ್ಲಿ ಪಿಟ್ಸ್‌ಬರ್ಗ್‌ನಿಂದ ಒಂದು ಸುದ್ದಿ ಬಂತು. ಆಂಡಿ ವಾರ್ಹಾಲ್ ಮ್ಯೂಸಿಯಂನಲ್ಲಿದ್ದ ಅಮಿಗಾ ಫ್ಲಾಪಿಗಳಿಂದ ಅವರು 1985ರಲ್ಲಿ ಮಾಡಿದ ಚಿತ್ರಗಳು ಹೊರಬಂದಿದ್ದವು. ಕಲಾವಿದ ಕೋರಿ ಆರ್ಕೇಂಜಲ್ ಹಟ ಹಿಡಿದು ವಿಚಾರಿಸಿದ್ದರು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್‌ನವರು ಫ್ಲಾಪಿ ಓದಿದ್ದರು. ಬೈಟ್‌ಗಳು ಸಿಕ್ಕರೂ ಚಿತ್ರ ಸಿಕ್ಕಿರಲಿಲ್ಲ. ಆ ಕಡತಗಳ ವಿನ್ಯಾಸ ಯಾರಿಗೂ ಪರಿಚಿತವಾಗಿರಲಿಲ್ಲ, ಅದನ್ನು ಬಿಡಿಸಿ ಓದಬೇಕಾಯಿತು. ಆಮೇಲೆ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿ ಕಂಡಿತು, ಮೂರು ಕಣ್ಣಿನ ವೀನಸ್ ಕಂಡಳು.

ವಾರ್ಹಾಲ್‌ರ ಫ್ಲಾಪಿ, ಜಿಸ್ಟ್ ಪಿಸಿಯ ಕಡತ, ಕಾಪರ್ ಬಿಡಿಸಿದ ಸೂರ್ಯಾಸ್ತ, ಮೂರೂ ಹೇಳುವುದು ಒಂದೇ ಸತ್ಯ. ಪರದೆಯ ಮೇಲೆ ನಾವು ಕಂಡದ್ದರಲ್ಲಿ ಅರ್ಧ ಕಡತದಲ್ಲಿದೆ, ಇನ್ನರ್ಧ ಅದನ್ನು ಮೂಡಿಸಿದ ಯಂತ್ರದಲ್ಲಿದೆ. ಯಂತ್ರ ಹೋದರೆ ಕಡತ ಮೂಕವಾಗುತ್ತದೆ. ಎಮ್ಯುಲೇಟರ್ ಬರೆಯುವವರಿಗೂ ಹೋಲಿಸಿ ನೋಡಲು ಮೂಲ ಯಂತ್ರವೇ ಬೇಕು.

ಅಮಿಗಾ ಬಳಗ ಇದನ್ನು ಬಲ್ಲದು. ತಮ್ಮ ಕಂಪನಿ ಮುಳುಗಿ ಮೂವತ್ತು ವರ್ಷ ದಾಟಿದರೂ ಅವರು ಹೊಸ ಕಾರ್ಡ್ ಮಾಡುತ್ತಾರೆ, ಹಳೆಯ ಚಿಪ್‌ಗೆ ಹೊಸ ಕಿಂಡಿ ತೆರೆಯುತ್ತಾರೆ, ಒಂದನ್ನು ಇನ್ನೊಂದಕ್ಕೆ ಬಲಿ ಕೊಡುವುದಿಲ್ಲ. ನಮ್ಮಲ್ಲಿ ಈ ಎಚ್ಚರ ಕಡಿಮೆ. ಹಳೆಯ ಪಿಸಿಯೆಂದರೆ ಗುಜರಿಗೆ ಹಾಕುವ ಸಾಮಾನು, ತೂಕದ ಲೆಕ್ಕದಲ್ಲಿ ಹೋಗುತ್ತದೆ.

ಕಚೇರಿಯ ಗೋದಾಮಿನಲ್ಲೋ ಕಾಲೇಜಿನ ಲ್ಯಾಬ್‌ನಲ್ಲೋ ಮನೆಯ ಅಟ್ಟದಲ್ಲೋ 80ರ ದಶಕದ ಕೊನೆ, 90ರ ದಶಕದ ಮೊದಲಿನ ಪಿಸಿ ಇದ್ದರೆ ಅದನ್ನು ಸಾಗಹಾಕುವ ಮೊದಲು ಮುಚ್ಚಳ ತೆಗೆದು ಸ್ಲಾಟ್‌ಗಳನ್ನು ನೋಡಿ. ಸಿ-ಡ್ಯಾಕ್ ಎಂದೋ ಜಿಸ್ಟ್ ಎಂದೋ ಬರೆದ ಕಾರ್ಡ್ ಕಂಡರೆ ಅದು ಕನ್ನಡ ಕಂಪ್ಯೂಟರ್ ಚರಿತ್ರೆಯ ತುಣುಕು. ಸೋರುವ ಬ್ಯಾಟರಿ ತೆಗೆಸಿ. ಕಾರ್ಡ್ ಎಲ್ಲಿ ಕೂತಿತ್ತು, ಜಂಪರ್‌ಗಳು ಹೇಗಿದ್ದವು, ಯಾವ ಕೇಬಲ್ ಎಲ್ಲಿಗೆ ಹೋಗಿತ್ತು ಎಂದು ಫೋಟೊ ತೆಗೆದಿಡಿ. ಫ್ಲಾಪಿ, ಕಾರ್ಡ್, ಕೇಬಲ್, ಯಂತ್ರ ನಾಲ್ಕನ್ನೂ ಬೇರ್ಪಡಿಸದೆ ಒಟ್ಟಿಗೆ ಇಡಿ. ಹಳೆಯದು ಹೊಸದರ ಜೊತೆಗೇ ಬಾಳಬಲ್ಲದು, ಜೋಡಿಸಲು ಮನಸ್ಸು ಮಾಡುವವರ ಕೈಗೆ ಅದು ಬಿಡಿಯಾಗಿ ಹರಿದುಹೋಗದೆ ಇಡಿಯಾಗಿ ಸಿಗಬೇಕು.